ಟ್ರೋಮ್ಸೊದಿಂದ ಲಾಂಗ್‌ಯರ್‌ಬ್ಯೆನ್‌ಗೆ ಎಷ್ಟು ದೂರ? ಕ್ಯಾಲ್ಕುಲೇಟರ್ ಹಿಡಿದು ನೀವೇ ಲೆಕ್ಕ ಹಾಕಿ

ಗೋಡೆಯ ಮೇಲಿನ ಪ್ರಪಂಚದ ಮ್ಯಾಪ್‌ಗೆ ಸ್ಕೇಲ್ ಇಟ್ಟು ದೂರ ಅಳೆಯಬೇಡಿ. ಅಂಥ ಮ್ಯಾಪ್‌ಗಳಲ್ಲಿ ಧ್ರುವದ ಹತ್ತಿರದ ನೆಲ ಇರುವುದಕ್ಕಿಂತ ಎಷ್ಟೋ ಜಾಸ್ತಿ ಹಿಗ್ಗಿ ಕಾಣುತ್ತದೆ.

ನಾರ್ವೆಯ ಟ್ರೋಮ್ಸೊ ಮತ್ತು ಸ್ವಾಲ್ಬಾರ್ಡ್ ದ್ವೀಪಗಳ ಲಾಂಗ್‌ಯರ್‌ಬ್ಯೆನ್ ವಿಮಾನ ನಿಲ್ದಾಣಗಳನ್ನೇ ತೆಗೆದುಕೊಳ್ಳೋಣ. ಸಾರ್ವಜನಿಕರು ಟಿಕೆಟ್ ತೆಗೆದು ಹೋಗಬಹುದಾದ, ವೇಳಾಪಟ್ಟಿ ಪ್ರಕಾರ ವಿಮಾನ ಬರುವ ನಿಲ್ದಾಣಗಳಲ್ಲಿ ಜಗತ್ತಿನಲ್ಲೇ ಅತಿ ಉತ್ತರದ್ದು ಲಾಂಗ್‌ಯರ್‌ಬ್ಯೆನ್. 1975ರಲ್ಲಿ ಶುರುವಾದ ಇದರ ರನ್‌ವೇ ಇರುವುದು ವರ್ಷವಿಡೀ ಹೆಪ್ಪುಗಟ್ಟಿರುವ ನೆಲದ ಮೇಲೆ.

ಮೊದಲು ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ. ಫೋನಿನ ಗೂಗಲ್ ಮ್ಯಾಪ್‌ನಲ್ಲಿ ರನ್‌ವೇ ಮೇಲೆ ಬೆರಳು ಒತ್ತಿ ಹಿಡಿದರೆ ಸಿಗುತ್ತವೆ. ಟ್ರೋಮ್ಸೊ 69.68 ಉತ್ತರ, 18.92 ಪೂರ್ವ. ಲಾಂಗ್‌ಯರ್‌ಬ್ಯೆನ್ 78.25 ಉತ್ತರ, 15.47 ಪೂರ್ವ.

ಅಕ್ಷಾಂಶದ ಲೆಕ್ಕ ಸಲೀಸು. ಒಂದು ಡಿಗ್ರಿಗೆ ಸುಮಾರು 111 ಕಿ.ಮೀ. ಇಲ್ಲಿನ ವ್ಯತ್ಯಾಸ 8.57, ಗುಣಿಸಿದರೆ 951 ಕಿ.ಮೀ.

ಎಡವುವುದು ರೇಖಾಂಶದಲ್ಲಿ. ರೇಖಾಂಶಗಳೆಲ್ಲ ಧ್ರುವದಲ್ಲಿ ಹೋಗಿ ಕೂಡಿಕೊಳ್ಳುತ್ತವಲ್ವಾ, ಹಾಗಾಗಿ ಉತ್ತರಕ್ಕೆ ಹೋದ ಹಾಗೆ ಅವುಗಳ ನಡುವಿನ ಅಂತರ ಕಿರಿದಾಗುತ್ತಾ ಬರುತ್ತದೆ: ಬೆಂಗಳೂರಿನಲ್ಲಿ ಒಂದು ಡಿಗ್ರಿಗೆ ಸುಮಾರು 108 ಕಿ.ಮೀ. ಇದ್ದರೆ ಲಾಂಗ್‌ಯರ್‌ಬ್ಯೆನ್‌ನಲ್ಲಿ ಬರೀ 23. ಅದಕ್ಕೇ 111ನ್ನು ಎರಡು ಊರುಗಳ ಸರಾಸರಿ ಅಕ್ಷಾಂಶದ ಕೊಸೈನ್‌ನಿಂದ ಗುಣಿಸಬೇಕು. ಕ್ಯಾಲ್ಕುಲೇಟರ್ ಡಿಗ್ರಿ ಮೋಡ್‌ನಲ್ಲಿದೆಯಾ ನೋಡಿಕೊಳ್ಳಿ, ರೇಡಿಯನ್‌ನಲ್ಲಿದ್ದರೆ ಉತ್ತರ ಎಲ್ಲೆಲ್ಲಿಗೋ ಹೋಗುತ್ತದೆ. ನಮ್ಮ ಸರಾಸರಿ ಸುಮಾರು 74, ಅದರ ಕೊಸೈನ್ 0.276. ರೇಖಾಂಶದ ವ್ಯತ್ಯಾಸ 3.45. 111, 0.276, 3.45 ಮೂರನ್ನೂ ಗುಣಿಸಿದರೆ 106 ಕಿ.ಮೀ.

ಇನ್ನು ಶಾಲೆಯಲ್ಲಿ ಕಲಿತ ಪೈಥಾಗೊರಸ್. 951ರ ವರ್ಗಕ್ಕೆ 106ರ ವರ್ಗ ಕೂಡಿಸಿ ವರ್ಗಮೂಲ ತೆಗೆಯಿರಿ: 957 ಕಿ.ಮೀ. ಸಾವಿರ ಕಿ.ಮೀ. ಆಸುಪಾಸಿನವರೆಗೆ ಈ ಉಪಾಯ ಸಾಕು. ಅದಕ್ಕಿಂತ ತುಂಬಾ ದೂರವಾದರೆ ಭೂಮಿಯ ಗುಂಡಗಿನ ಆಕಾರವನ್ನು ಪೂರ್ತಿ ಲೆಕ್ಕಕ್ಕೆ ಹಿಡಿಯುವ ಸೂತ್ರವೇ ಬೇಕು.

ಸಮಯಕ್ಕೆ ಬರೋಣ. ಜೆಟ್ ವಿಮಾನವಾದರೆ ಗಂಟೆಗೆ 800 ಕಿ.ಮೀ. ಎಂದು ಭಾಗಿಸಿ, ವಿಮಾನ ನಿಲ್ದಾಣದ ನೆಲದ ಮೇಲೆ ಓಡುವುದು (ಟ್ಯಾಕ್ಸಿ), ಏರುವುದು, ಇಳಿಯುವುದಕ್ಕೆ ಅರ್ಧ ಗಂಟೆ ಸೇರಿಸಿ. 1 ಗಂಟೆ 12 ನಿಮಿಷ, ಜೊತೆಗೆ 30 ನಿಮಿಷ, ಒಟ್ಟು ಸುಮಾರು 1 ಗಂಟೆ 40 ನಿಮಿಷ.

ಎಲ್ಲ ಕಡೆಗೂ ಇದೇ 800 ಹಾಕಬೇಡಿ. ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರ 2008ರಿಂದ ಇರುವುದು ಸ್ವಾಲ್ಬಾರ್ಡ್‌ನ ನ್ಯೂ-ಓಲೆಸುಂಡ್‌ನಲ್ಲಿ. ಲಾಂಗ್‌ಯರ್‌ಬ್ಯೆನ್‌ನಿಂದ ಅಲ್ಲಿಗೆ ಸುಮಾರು 110 ಕಿ.ಮೀ. ಅಷ್ಟೇ, ಆದರೆ ಹೋಗುವುದು ಡಾರ್ನಿಯರ್ 228 ಎಂಬ ಪುಟ್ಟ ಪ್ರೊಪೆಲ್ಲರ್ ವಿಮಾನ, ನಮ್ಮ ಎಚ್‌ಎಎಲ್ ಕಾನ್ಪುರದಲ್ಲಿ ತಯಾರಿಸುವುದೂ ಇದೇ ಜಾತಿಯದು. ಇದಕ್ಕೆ ಗಂಟೆಗೆ 400 ಕಿ.ಮೀ. ಹಿಡಿಯಿರಿ. ಹಾರಾಟ ಇಷ್ಟು ಚಿಕ್ಕದಾದಾಗ ಸೇರಿಸುವ ಅರ್ಧ ಗಂಟೆಯನ್ನೂ ಹತ್ತು ನಿಮಿಷಕ್ಕೆ ಇಳಿಸಿ.

ಗಡಿಯಾರ ಬದಲಿಸಬೇಕಿಲ್ಲ, ಟ್ರೋಮ್ಸೊ ಮತ್ತು ಸ್ವಾಲ್ಬಾರ್ಡ್‌ನಲ್ಲಿ ಒಂದೇ ಸಮಯ. ಆದರೆ ಸ್ವಾಲ್ಬಾರ್ಡ್ ನಾರ್ವೆಯದ್ದೇ ಆದರೂ ಷೆಂಗೆನ್ ವಲಯದ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಹೊರಗಿದೆ, ಹಾಗಾಗಿ ಪಾಸ್‌ಪೋರ್ಟ್ ತಪಾಸಣೆಗೆ ಬೇರೆ ಸಮಯ ಇಟ್ಟುಕೊಳ್ಳಿ. ಭಾರತದಿಂದ ಹೋಗುವವರು ಒಂದೇ ಸಲ ಪ್ರವೇಶದ ಷೆಂಗೆನ್ ವೀಸಾ ಮಾಡಿಸಿದರೆ ವಾಪಸ್ ಬರುವಾಗ ಕಷ್ಟ. ಎರಡು ಸಲದ ಪ್ರವೇಶವಾದರೂ ಇರುವ ವೀಸಾವನ್ನೇ ಕೇಳಿ ಮಾಡಿಸಿ.