ಸಮಾನತೆಗಾಗಿ ದುಡಿದ ಹೆಣ್ಮಕ್ಕಳಿಗೆ ಸನ್ಮಾನದ ಊಟ: ಕಲಬುರಗ್ಯಾಗ ಹೆಂಗ್ ಮಾಡ್ಬೇಕು

ಟ್ರಸ್ಟ್ ಇರ್ಲಿ, ಮಹಿಳಾ ಮಂಡಳ ಇರ್ಲಿ, ಯಾವ್ದೇ ಸಂಸ್ಥೆ ನಡಸೋರಿಗೆ ಒಂದಿಲ್ಲೊಂದು ವರ್ಷ ಈ ವಿಚಾರ ಬಂದೇ ಬರ್ತದ, ಹೆಣ್ಣು ಗಂಡು ಸಮಾನ ಅಂತ ಮುಂದ್ ನಿಂತು ಕೆಲಸ ಮಾಡಿದವ್ರನ್ನ ಕರೆಸಿ ಮಧ್ಯಾಹ್ನ ಛಲೋ ಊಟ ಹಾಕಿ ಸನ್ಮಾನ ಮಾಡೋಣು ಅಂತ. ಅಮೆರಿಕಾದಾಗ ಸಂಸ್ಥೆಗಳು ಇದನ್ನ ದೊಡ್ಡ ಹೋಟೆಲ್‌ನಾಗ ಮಾಡ್ತಾವ, ಒಂದೊಂದು ಟೇಬಲ್ ಕಂಪನಿಗಳಿಗೆ ಮಾರ್ತಾವ, ಮಂದಿ ಉಣ್ಕೋತ ಭಾಷಣ ಕೇಳ್ತಾರ, ಬಂದ ರೊಕ್ಕ ಸಂಸ್ಥೆ ಕೆಲಸಕ್ಕ ಹೋಗ್ತದ. ಅದನ್ನ ಹಂಗಂಗೇ ಎತ್ಕೊಂಡು ಬಂದ್ರ ಇಲ್ಲಿ ನಡಿಯಂಗಿಲ್ಲ. ನಮ್ಮಲ್ಲಿ ಏನಾಗ್ತದ ಅಂದ್ರ ಸ್ಟೇಜ್ ಮ್ಯಾಲ ಹನ್ನೆರಡು ಕುರ್ಚಿ ಹಾಕ್ತಾರ ಅದ್ರಾಗ ಹತ್ತರ ಮ್ಯಾಲ ಗಂಡಸ್ರು ಕುಂದರ್ತಾರ, ಸನ್ಮಾನ ಆಗ್ಬೇಕಾದ ಹೆಣ್ಮಕ್ಕಳು ಸೈಡಿಗೆ ಸಾಲ್ ಹಚ್ಚಿ ನಿಂತಿರ್ತಾರ, ಶಾಲು ಹೊದಿಸಿ ಫೋಟೋ ಹೊಡದು ಕೆಳಗ ಇಳಸ್ತಾರ, ಆಮ್ಯಾಲ ಊಟದ ಹೊತ್ತಿಗೆ ಅದೇ ಹೆಣ್ಮಕ್ಕಳು ಸೆರಗು ಸಿಗಿಸ್ಕೊಂಡು ಬಡಸಾಕ ನಿಂದರ್ತಾರ! ಇದೊಂದು ತಪ್ಪಬೇಕು. ಅವತ್ತು ಅವ್ರು ಕುಂತು ಬಿಸಿ ಬಿಸಿ ಉಣ್ಣಬೇಕು, ಬಡಸೋರು ಬ್ಯಾರೆ ಇರ್ಬೇಕು. ಇದನ್ನ ತಲ್ಯಾಗ ಇಟ್ಕೊಂಡು ಉಳಿದ ಪ್ಲ್ಯಾನ್ ಮಾಡ್ರಿ.

ಮೊದ್ಲು ತಾರೀಕು ನೋಡ್ರಿ. ಎಲ್ಲಾರ ಬಾಯಾಗ ಬರೋದು ಮಾರ್ಚ್ 8. ನಾ ಅಂತೂ ಬ್ಯಾಡ ಅಂತೀನಿ. ಯಾಕಂದ್ರ 2025, 2026 ಎರಡೂ ವರ್ಷ ಮಾರ್ಚ್ 8 ರಂಜಾನ್ ತಿಂಗಳದಾಗೇ ಬಂತು, 2027ಕ್ಕೂ ಹಂಗೇ ಬರೋದದ, ಕಲಬುರಗಿಯಂಥ ಊರಾಗ ಮಧ್ಯಾಹ್ನದ ಊಟಕ್ಕ ಕರದು ಅರ್ಧ ಆಪಾಗಳನ್ನ ರೋಜಾದಾಗ ಸುಮ್ನ ಕುಂದರಿಸಿದ್ರ ಅದ್ಯಾವ ಸಮಾನತೆ ಹೇಳ್ರಿ. ಮ್ಯಾಲ ಹೋಳಿ ಆದ ಮ್ಯಾಲ ಶರಣಬಸವೇಶ್ವರ ಜಾತ್ರಿ, ಮಕ್ಕಳ ಪರೀಕ್ಷೆ, ಆಫೀಸರ್‌ಗಳಿಗೆ ಮಾರ್ಚ್ ಎಂಡ್. ಮಹಿಳಾ ಮತ್ತು ಮಕ್ಕಳ ಇಲಾಖೆಯವ್ರು ಅವತ್ತು ತಮ್ಮದೇ ಪ್ರೋಗ್ರಾಂದಾಗ ಇರ್ತಾರ, ನಿಮ್ಮಲ್ಲಿಗೆ ಬಂದ್ರೂ ಹತ್ತು ನಿಮಿಷಕ್ಕ ವಾಚ್ ನೋಡ್ತಾರ. ಏಪ್ರಿಲ್ ಮೇ ಅಂತೂ ಕೇಳಲೇಬ್ಯಾಡ್ರಿ, ನಮ್ಮ ಬಿಸಿಲು ಗೊತ್ತದಲ್ಲ. ಡಿಸೆಂಬರ್ ಜನವರಿದಾಗ ತೊಗರಿ ರಾಶಿ ನಡದಿರ್ತದ, ಎಳ್ಳಮಾವಾಸ್ಯೆಗೆ ಊರಿಗೂರೇ ಹೊಲದಾಗ ಇರ್ತದ, ಕೂಲಿ ಬಿಟ್ಟು ಯಾರ್ ಬರ್ತಾರ. ನನ್ನ ಲೆಕ್ಕದಾಗ ಅಕ್ಟೋಬರ್ ಛಲೋ, 11ಕ್ಕ ಅಂತರರಾಷ್ಟ್ರೀಯ ಹೆಣ್ಣುಮಕ್ಕಳ ದಿನ ಅದ, 15ಕ್ಕ ಗ್ರಾಮೀಣ ಮಹಿಳೆಯರ ದಿನ ಅದ, ದಸರಾ ಎಲ್ಲಿ ಬೀಳ್ತದ ಅಂತ ಕ್ಯಾಲೆಂಡರ್ ನೋಡಿ ಅದ್ರ ಆಜೂಬಾಜು ಒಂದು ದಿನ ಹಿಡೀರಿ.

ಯಾರನ್ನ ಆರಿಸ್ಬೇಕು ಅನ್ನೋದ್ರಾಗ ಟೈಮ್ ಹಾಕ್ರಿ, ಭಾಳ ಹಾಕ್ರಿ. ಹುದ್ದೆ ನೋಡಿ ಆರಿಸಿದ್ರ ಪ್ರತಿ ವರ್ಷ ಅದೇ ಐದು ಹೆಸರು ಬರ್ತಾವ. ಅದ್ರ ಬದ್ಲಿ ಒಂದು ಪ್ರಶ್ನೆ ಇಟ್ಕೋರಿ, ಈಕಿ ಮಾಡಿದ್ದಕ್ಕ ಊರಾಗ ಏನು ಬದ್ಲಾತು? ಲಗ್ನದ ಹಿಂದಿನ ದಿನ ಹೋಗಿ ಬಾಲ್ಯವಿವಾಹ ನಿಂದ್ರಿಸಿದ ಆಶಾ ಕಾರ್ಯಕರ್ತೆ, ಏಳನೇತ್ತ ಆದ ಮ್ಯಾಲ ಸಾಲಿ ಬಿಟ್ಟ ಹುಡುಗೀರನ್ನ ಮನಿಮನಿಗೆ ಹೋಗಿ ವಾಪಸ್ ಕರ್ಕೊಂಡು ಬಂದ ಟೀಚರ್, ಗಂಡಾಳಿಗೆ ಕೊಟ್ಟಷ್ಟೇ ಕೂಲಿ ನಮಗೂ ಕೊಡ್ರಿ ಅಂತ ಕೆಲಸ ನಿಂದ್ರಿಸಿ ಕುಂತ ಹೆಣ್ಣಾಳು, ಪಂಚಾಯ್ತಿ ಮೀಟಿಂಗ್‌ನಾಗ ಗಂಡನ್ನ ಹೊರಗ ಕುಂದರಿಸಿ ತಾನೇ ಸಹಿ ಮಾಡೋ ಅಧ್ಯಕ್ಷೆ. ಈ ಕೊನೇದು ಸಣ್ಣ ಮಾತಲ್ರಿ. ನಮ್ಮ ರಾಜ್ಯದಾಗ ಪಂಚಾಯ್ತಿ ಸೀಟು ಅರ್ಧ ಹೆಣ್ಮಕ್ಕಳಿಗೆ ಅಂತ 2010ರಾಗೇ ಆತು, ಆದ್ರ ಅಧ್ಯಕ್ಷರ ಗಂಡ ಅನ್ನೋ ಹುದ್ದೆ ಇನ್ನೂ ಹೋಗಿಲ್ಲ.

ಒಬ್ಬಿಬ್ರು ಗಂಡಸ್ರನ್ನೂ ಆರಿಸ್ರಿ, ಆದ್ರ ಭಾಷಣ ಮಾಡಿದವ್ರನ್ನ ಅಲ್ಲ. ಕರ್ನಾಟಕದಾಗ ಹೆಣ್ಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಾಗ ಪಾಲು 1994ರಾಗೇ ಬಂತು, ದೇಶಕ್ಕೆಲ್ಲ 2005ರಾಗ ಬಂತು, ಆದ್ರೂ ಅಪ್ಪ ಹೋದ ಮ್ಯಾಲ ಅಕ್ಕ ತಂಗ್ಯಾರನ್ನ ಕರೆಸಿ ಒಂದು ಸೀರಿ ಕೊಟ್ಟು ಹಕ್ಕು ಬಿಟ್ಟ ಪತ್ರಕ್ಕ ಸಹಿ ಹಾಕಿಸೋದು ನಮ್ಮಲ್ಲಿ ಮಾಮೂಲಿ. ಸಹಿ ಹಾಕಿಸದೇ ತಂಗಿ ಹೆಸರಿಗೂ ಪಹಣಿ ಮಾಡಿಸಿದ ಅಣ್ಣ ಯಾವನರ ಸಿಕ್ರ ಅವ್ನಿಗೆ ಶಾಲು ಹೊದಿಸ್ರಿ, ಊರಿಗೆ ಅದು ಹತ್ತು ಭಾಷಣಕ್ಕಿಂತ ಜಾಸ್ತಿ ಮುಟ್ತದ.

ಆರಿಸಿದ ಮ್ಯಾಲ ಅವ್ರನ್ನ ಕೇಳ್ರಿ, ನಿಮ್ಮ ಹೆಸರು ಹೇಳಬಹುದೇನು, ಊರಿನ ಹೆಸರು ಹೇಳಬಹುದೇನು ಅಂತ. ಲಗ್ನ ನಿಂದ್ರಿಸಿದಾಕಿ ನಾಳೆ ಅದೇ ಓಣ್ಯಾಗ ಇರ್ಬೇಕು. ಆ ಹುಡುಗಿ ಹೆಸರು, ಫೋಟೋ ಅಂತೂ ಎಲ್ಲೂ ಬರಬಾರ್ದು. ಲೈಂಗಿಕ ದೌರ್ಜನ್ಯ ಆದವ್ರ ಗುರುತು ಹೇಳೋದಕ್ಕ ಕಾನೂನೂ ಒಪ್ಪಂಗಿಲ್ಲ, ಸ್ಟೇಜ್‌ಗೆ ಕರದು ಕಣ್ಣೀರು ಹಾಕ್ಸೋದು ಬಿಟ್ಟೇ ಬಿಡ್ರಿ.

ಬರೋದು ಹೋಗೋದು ಹೆಂಗ? ಶಕ್ತಿ ಯೋಜನೆ 2023 ಜೂನ್‌ನಾಗ ಶುರು ಆದ ಮ್ಯಾಲ ಚಿಂಚೋಳಿ, ಸೇಡಂ, ಅಫಜಲಪುರ, ಜೇವರ್ಗಿ ಕಡಿಯಿಂದ ಹೆಣ್ಮಕ್ಕಳು ಸರ್ಕಾರಿ ಬಸ್ಸಿನ್ಯಾಗ ಫ್ರೀ ಬರ್ತಾರ, ಆಧಾರ್ ತರ್ರಿ ಅಂತ ಫೋನ್‌ನಾಗೇ ನೆನಪು ಮಾಡ್ರಿ. ಆದ್ರ ಬಸ್ ಫ್ರೀ ಅದ ಅಂತ ಖರ್ಚೇ ಇಲ್ಲ ಅಂತ ತಿಳ್ಕೋಬ್ಯಾಡ್ರಿ, ಒಂದ್ ದಿನದ ಕೂಲಿ ಹೋಗ್ತದ, ಬಸ್ ಸ್ಟ್ಯಾಂಡಿನಿಂದ ಆಟೋ ಬೇಕು, ಕೂಸು ಇದ್ದಾಕಿ ಜೋಡಿ ಇನ್ನೊಬ್ಬಾಕಿ ಬರ್ತಾಳ. ಇದನ್ನ ಲೆಕ್ಕ ಹಾಕಿ ಕವರ್‌ನಾಗ ಮೊದ್ಲೇ ಇಟ್ಟು ಬಂದ ಕೂಡ್ಲೇ ಕೊಟ್ಬಿಡ್ರಿ, ಸ್ಟೇಜ್ ಮ್ಯಾಲ ಅಲ್ಲ. ಹಾಲ್ ಬಸ್ ಸ್ಟ್ಯಾಂಡಿಗೆ ಸಮೀಪ ಹಿಡೀರಿ. ರಿಂಗ್ ರೋಡಿನ ಆಚಿ ಫಂಕ್ಷನ್ ಹಾಲ್ ಛಂದ ಇರ್ತದ ಖರೆ, ಸಂಜಿ ಐದಕ್ಕ ಊರಿನ ಬಸ್ ಹಿಡಿಯೋರಿಗೆ ಅದು ಉಪಯೋಗಿಲ್ಲ. ಹಾಲ್ ನೋಡಾಕ ಹೋದಾಗ ಸ್ಟೇಜ್ ಆಮ್ಯಾಲ ನೋಡ್ರಿ, ಮೊದ್ಲು ಹೆಣ್ಮಕ್ಕಳ ಸಂಡಾಸದಾಗ ನಳ ತಿರುವಿ ನೋಡ್ರಿ, ಕದಕ್ಕ ಚಿಲಕ ಅದೇನು ನೋಡ್ರಿ. ಕೂಸಿಗೆ ಹಾಲ್ ಕುಡಸಾಕ ಒಂದು ರೂಮ್ ಕೇಳಿ ಇಟ್ಕೋರಿ.

ಈಗ ಊಟ. ಬಫೆ ಬ್ಯಾಡ ಅಂತ ನಾ ಖಡಾಖಂಡಿತ ಹೇಳ್ತೀನಿ. ಬಫೆ ಅಂದ್ರ ಸಾಹೇಬ್ರು ಮೊದ್ಲು, ಅವ್ರ ಹಿಂದ ಪ್ರೆಸ್‌ನವ್ರು, ಅರವತ್ತು ವರ್ಷದ ಅವ್ವ ತಾಟು ಹಿಡ್ಕೊಂಡು ಸಾಲಿನ ಕಡೀಕ. ಟೇಬಲ್ ಹಾಕಿ ಪಂಕ್ತಿ ಮಾಡ್ರಿ, ಎಂಟೆಂಟು ಮಂದಿ ಒಂದು ಟೇಬಲ್, ಅದ್ರಾಗ ಮಿಕ್ಸ್ ಇರ್ಲಿ, ಸನ್ಮಾನ ಆಗೋ ಹೆಣ್ಮಗಳು ಒಬ್ಬಾಕಿ, ಬ್ಯಾಂಕಿನವ್ರು ಒಬ್ರು, ಕಾಲೇಜ್ ಹುಡುಗಿ ಒಬ್ಬಾಕಿ, ಇಲಾಖೆಯವ್ರು ಒಬ್ರು. ಹೆಸರು ಬರ್ದ ಚೀಟಿ ಟೇಬಲ್ ಮ್ಯಾಲ ಇಡ್ರಿ, ಇಲ್ಲಾಂದ್ರ ಗುರ್ತಿನವ್ರು ಗುರ್ತಿನವ್ರ ಜೋಡಿನೇ ಕುಂದರ್ತಾರ. ಓದಾಕ ಬರದವ್ರಿಗೆ ಕೈ ಹಿಡದು ಕುಂದರಿಸಾಕ ಒಬ್ರು ಇರ್ಲಿ.

ಬಡಸಾಕ ಗಂಡ್ ಹುಡುಗ್ರು. ಕಾಲೇಜಿನ ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಹುಡುಗ್ರನ್ನ ಕೇಳಿದ್ರ ಬರ್ತಾರ, ಸಂಸ್ಥೆಯಾಗಿನ ಗಂಡಸ್ರು ಎಲ್ಲಾ ನಿಂದರ್ಬೇಕು. ನಮಗ ಬರಂಗಿಲ್ರಿ ಅಂತ ಯಾರೂ ಹೇಳಾಕ ಆಗಂಗಿಲ್ಲ, ಲಗ್ನದಾಗ ಬಕೆಟ್ ಹಿಡ್ಕೊಂಡು ಓಡಾಡೋರು ಇವ್ರೇ ಅಲ್ಲೇನು. ಅಧ್ಯಕ್ಷೆ ಜೋಡಿ ಗಂಡ ಬಂದೇ ಬರ್ತಾನ, ಬ್ಯಾಡ ಅನ್ನಬ್ಯಾಡ್ರಿ, ಬಾಗಲದಾಗೇ ನಗ್ಕೋತ "ಬರ್ರಿ ಅಣ್ಣಾ, ನಿಮ್ಮ ಡ್ಯೂಟಿ ಸಾರಿಂದು" ಅಂತ ಸೌಟು ಕೈಯಾಗ ಕೊಟ್ಬಿಡ್ರಿ.

ಅಡುಗಿ ನಮ್ಮ ಕಡಿದೇ ಇರ್ಲಿ. ಜ್ವಾಳದ ರೊಟ್ಟಿ, ಎಣ್ಣಿಗಾಯಿ ಬದನಿಕಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು, ಉಳ್ಳಾಗಡ್ಡಿ, ಅನ್ನ, ತೊಗರಿ ಬ್ಯಾಳಿ ಸಾರು, ಮ್ಯಾಲ ಒಂದು ಹೂರಣದ ಹೋಳಗಿ. ಕಲಬುರಗಿ ತೊಗರಿಗೆ 2019ರಾಗ ಜಿಐ, ಅಂದ್ರ ಇದು ಈ ಭಾಗದ್ದೇ ಅನ್ನೋ ಸರ್ಕಾರಿ ಗುರುತು, ಸಿಕ್ಕದ, ನಮ್ಮ ಬ್ಯಾಳಿ ಬಿಟ್ಟು ಪನೀರ್ ಬಟರ್ ಮಸಾಲಾ ಯಾಕ ಅಂತ ನನಗ ತಿಳಿಯಂಗಿಲ್ಲ. ನೂರು ಮಂದಿಗೆ ಅಂದಾಜು ಹೇಳ್ಬೇಕಂದ್ರ ರೊಟ್ಟಿ 250 ರಿಂದ 300, ಅಕ್ಕಿ ಹತ್ತು ಕಿಲೋ, ಬ್ಯಾಳಿ ನಾಕೈದು ಕಿಲೋ, ಬದನಿಕಾಯಿ ಹತ್ತು ಹನ್ನೆರಡು ಕಿಲೋ. ಮೆತ್ತನ ರೊಟ್ಟಿ ಆರಿದ್ರ ರುಚಿ ಹೋಗ್ತದ, ಅದಕ್ಕ ಅರ್ಧ ಕಡಕ್ ರೊಟ್ಟಿ ಹಿಂದಿನ ದಿನನೇ ತರ್ಸಿ ಇಟ್ಕೊಂಡು ಅರ್ಧ ಅಲ್ಲೇ ಬಿಸಿ ಬಿಸಿ ಮಾಡಸ್ರಿ, ನಾಕೈದು ಮಂದಿ ರೊಟ್ಟಿ ಬಡಿಯೋರು ಬೇಕಾಗ್ತಾರ. ಸ್ವಸಹಾಯ ಸಂಘದ ಹೆಣ್ಮಕ್ಕಳಿಗೇ ಆರ್ಡರ್ ಕೊಡ್ರಿ, ಸಮಾಜಸೇವಾ ಅಂತ ರೇಟಿನಾಗ ಚೌಕಾಸಿ ಮಾಡಬ್ಯಾಡ್ರಿ, ಅರ್ಧ ರೊಕ್ಕ ಮೊದ್ಲೇ ಕೊಡ್ರಿ, ಇಲ್ಲಾಂದ್ರ ಅವ್ರು ಜ್ವಾಳ ಉದ್ರಿ ತರ್ಬೇಕಾಗ್ತದ. ಒಂದೇ ಅಡುಗಿ, ಒಂದೇ ಪಂಕ್ತಿ. ಯಾರು ಮಾಡ್ಯಾರ ಅಂತ ಯಾರರ ಮೆಲ್ಲಕ ಕೇಳಾಕ ಬಂದ್ರ ಅಡುಗಿ ಮಾಡಿದವ್ರ ಹೆಸರನ್ನ ಮೈಕಿನ್ಯಾಗ ಹೇಳ್ರಿ, ಚಪ್ಪಾಳಿ ಹೊಡಸ್ರಿ, ಉಣ್ಣೋರು ಉಣ್ತಾರ ಏಳೋರು ಏಳ್ತಾರ. ಎರಡನೇ ಪಂಕ್ತಿಯಾಗ ಅಡುಗಿಯವ್ರು, ಡ್ರೈವರ್, ಬಡಿಸಿದ ಹುಡುಗ್ರು ಕುಂದರ್ಬೇಕು, ಮುಖ್ಯ ಅತಿಥಿನೂ ಅದೇ ಪಂಕ್ತಿಯಾಗ. ಇದನ್ನ ಕರಿಯೋ ಹೊತ್ತಿಗೇ ಅವ್ರಿಗೆ ಹೇಳಿರ್ರಿ, ಒಪ್ಪದವ್ರನ್ನ ಕರಿಯೋದ ಬ್ಯಾಡ.

ಮಾತಿನ ಭಾಗ ಊಟಕ್ಕಿಂತ ಮೊದ್ಲು ಒಂದು ತಾಸು, ಅಷ್ಟೇ. ನಮ್ಮಲ್ಲಿ ಭಾಷಣಕಾರರು ಅಕ್ಕಮಹಾದೇವಿಯಿಂದ ಶುರು ಮಾಡಿ ಸಾವಿತ್ರಿಬಾಯಿ ಫುಲೆ ತನಕ ಬರೋದ್ರಾಗ ಅನ್ನ ಆರಿರ್ತದ. ಬಸವಕಲ್ಯಾಣದ ಅನುಭವ ಮಂಟಪ ಹೆಸರು ಹೇಳೋರಿಗೆ ಒಂದು ಮಾತು ನೆನಪು ಮಾಡ್ರಿ, ಅಲ್ಲಿ ಶರಣೆಯರು ಕೇಳಾಕ ಅಷ್ಟೇ ಕುಂತಿರ್ಲಿಲ್ಲ, ಮಾತಾಡ್ತಿದ್ರು. ಅತಿಥಿಗಳಿಗೆ ಮೂರು ನಿಮಿಷ, ಸನ್ಮಾನ ಆಗೋರಿಗೆ ಬೇಕಾದಷ್ಟು. ಆದ್ರ ಅವ್ರಿಗೆ ಮೈಕ್ ಕೊಟ್ಟು "ನಿಮ್ಮ ಅನಿಸಿಕೆ ಹೇಳ್ರಿ" ಅಂದ್ರ ಏನಾಗ್ತದ, ಮೊದ್ಲು ಗಂಡನ ಮಾರಿ ನೋಡ್ತಾರ, ಆಮ್ಯಾಲ ಸೆರಗು ಸರಿ ಮಾಡ್ಕೋತಾರ, "ಎಲ್ಲಾರಿಗೂ ನಮಸ್ಕಾರ, ನನ್ನ ಕರ್ಸಿದ್ದಕ್ಕ ಥ್ಯಾಂಕ್ಸ್" ಅಂತ ಮೈಕ್ ವಾಪಸ್. ಅದಕ್ಕ ಒಬ್ಬಾಕಿ ಜೋಡಿ ಕುಂತು ಕೇಳ್ಬೇಕು, ಕೆಳಗ, ಟೇಬಲ್ ಹತ್ರನೇ. "ಅಕ್ಕೋರೆ, ಆ ಲಗ್ನ ನಿಂದ್ರಸಾಕ ಹೋದಾಗ ನಿಮಗ ಮನಿ ಒಳಗ ಬಿಟ್ರೇನ್ರಿ?" ಅಂತ ಕೇಳಿ ನೋಡ್ರಿ, ಬಾಗಲದಾಗ ಎಷ್ಟೊತ್ತು ನಿಂತ್ರು, ಯಾರು ಬೈದ್ರು, ಮಕ್ಕಳ ಸಹಾಯವಾಣಿ 1098ಕ್ಕ ಫೋನ್ ಯಾವಾಗ ಹಚ್ಚಿದ್ರು, ಎಲ್ಲಾ ಬರ್ತದ. ಕನ್ನಡ ಬರದವ್ರಿಗೆ ದಖನಿ, ಲಂಬಾಣಿ ಮಾತಾಡೋರು ಬಾಜೂಕ ಇರ್ಲಿ, ಆಳಂದ ಕಡಿಯವ್ರಿಗೆ ಮರಾಠಿ, ಯಾದಗಿರಿ ಗಡಿಯವ್ರಿಗೆ ತೆಲುಗು ಹಂಗೇ.

ಕೊಡೋ ವಸ್ತು? ಶಾಲು ಹಾರ ಎಲ್ಲಾರ ಮನ್ಯಾಗ ಟ್ರಂಕಿನ್ಯಾಗ ಬಿದ್ದಾವ. ಬಜೆಟ್ ಇದ್ರ ಬೀದರಿನ ಬಿದ್ರಿ ಕೆಲಸದ ಸಣ್ಣದೊಂದು ಪೀಸ್ ಕೊಡ್ರಿ, ಇಲ್ಲಾಂದ್ರ ರೊಕ್ಕನೇ ಅಕೌಂಟಿಗೆ ಹಾಕ್ರಿ, ಆಕಿ ಹೆಸರಿನ ಅಕೌಂಟಿಗೆ. ಪ್ಲಾಸ್ಟಿಕ್ ಫ್ಲೆಕ್ಸ್‌ಗೆ 2016ರಿಂದ ನಿಷೇಧ ಅದ, ಬಟ್ಟಿ ಬ್ಯಾನರ್ ಬರಸ್ರಿ, ಅದ್ರಾಗ ರಾಜಕಾರಣಿ ಫೋಟೋಕ್ಕಿಂತ ಸನ್ಮಾನಿತರ ಹೆಸರು ದೊಡ್ಡದಿರ್ಲಿ.

ರೊಕ್ಕದ ವಿಷಯ ಜರಾ ಹುಷಾರು. ಸೇಡಂ, ವಾಡಿ ಕಡಿ ಸಿಮೆಂಟ್ ಫ್ಯಾಕ್ಟರಿಗೆ ಹೋಗಿ ಸಿಎಸ್ಆರ್‌ನಾಗ (ಕಂಪನಿಗಳು ಕಾನೂನಿನ ಪ್ರಕಾರ ಸಮಾಜದ ಕೆಲಸಕ್ಕ ಹಾಕೋ ರೊಕ್ಕದಾಗ) ಊಟಕ್ಕ ಕೊಡ್ರಿ ಅಂದ್ರ ಅವ್ರು ಆಗಂಗಿಲ್ಲ ಅಂತಾರ, ಸುಳ್ಳಲ್ಲ ಅದು. ಕಂಪನಿ ಕಾಯ್ದೆಯಾಗ ಲಿಂಗ ಸಮಾನತೆ ಸಿಎಸ್ಆರ್ ಪಟ್ಟಿಯಾಗ ಅದ, ಆದ್ರ ಅವಾರ್ಡ್, ಮ್ಯಾರಥಾನ್ ಅಂಥ ಒಂದ್ ದಿನದ ಕಾರ್ಯಕ್ರಮ ಸಿಎಸ್ಆರ್ ಲೆಕ್ಕಕ್ಕ ಬರಂಗಿಲ್ಲ ಅಂತ ಕೇಂದ್ರ ಸರ್ಕಾರ 2014ರಾಗೇ ಸ್ಪಷ್ಟ ಮಾಡ್ಯದ. ಅದಕ್ಕ ಅವ್ರ ಹತ್ರ ವರ್ಷಿಡೀ ನಡಿಯೋ ಕೆಲಸಕ್ಕ ಕೇಳ್ರಿ, ಹುಡುಗೀರ ಟ್ಯೂಷನ್, ಹೊಲಿಗಿ ಸೆಂಟರ್ ಅಂಥದ್ದಕ್ಕ, ಊಟಕ್ಕ ದಾಲ್ ಮಿಲ್ ಮಾಲೀಕರು, ಡಾಕ್ಟರ್, ಅಂಗಡಿಯವ್ರ ಹತ್ರ ಒಂದೊಂದು ಟೇಬಲ್ ಖರ್ಚು ಕೇಳ್ರಿ. ಬ್ಯಾಳಿ ಕೊಡ್ತೀನಿ ಅಂದ್ರ ಬ್ಯಾಳಿನೇ ಇಸ್ಕೋರಿ. ಕೇಳೋ ಮುಂದ ನೀವೂ ಒಂದೆರಡು ಮಾತು ಕೇಳ್ರಿ, ನಿಮ್ಮಲ್ಲಿ ಹೆಣ್ಣಾಳು ಗಂಡಾಳಿಗೆ ಒಂದೇ ಪಗಾರೇನು, ಹತ್ತು ಮಂದಿ ಇಲ್ಲಾ ಅದಕ್ಕಿಂತ ಜಾಸ್ತಿ ಕೆಲಸಗಾರ್ರು ಇದ್ರ 2013ರ ಕಾಯ್ದೆ ಪ್ರಕಾರ ಲೈಂಗಿಕ ಕಿರುಕುಳದ ದೂರು ಕೇಳೋ ಸಮಿತಿ ಮಾಡೀರೇನು ಅಂತ. ಮಾರಿ ಸಣ್ಣ ಮಾಡಿದವ್ರ ರೊಕ್ಕ ಬ್ಯಾಡ. ದಾನಿಗೆ ಆದಾಯ ತೆರಿಗೆ ವಿನಾಯ್ತಿ ಸಿಗೋ ರಸೀದಿ (ಹಳೇ ಕಾಯ್ದೆಯಾಗ 80ಜಿ ಅಂತಿದ್ರು) ಕೊಡೋರಿದ್ರ ನೆನಪಿರ್ಲಿ, 2000 ರೂಪಾಯಿ ಮ್ಯಾಲ ಕ್ಯಾಶ್ ಕೊಟ್ರ ದಾನಿಗೆ ವಿನಾಯ್ತಿ ಸಿಗಂಗಿಲ್ಲ, ಫೋನ್ ಪೇ ಇಲ್ಲಾ ಚೆಕ್ ಇಸ್ಕೋರಿ. ಊಟದ ಕೂಪನ್ ಮಾರಿದ ರೊಕ್ಕ ದಾನ ಆಗ್ತದೋ ಇಲ್ಲೋ ಅನ್ನೋದನ್ನ ರಸೀದಿ ಹರಿಯೋಕ್ಕಿಂತ ಮೊದ್ಲು ಆಡಿಟರ್‌ಗೆ ಕೇಳ್ಕೋರಿ.

ಮುಗದ ಮ್ಯಾಲ ಅದೇ ಸಂಜಿ ರೊಟ್ಟಿಯವ್ರ ಬಾಕಿ ರೊಕ್ಕ ಚುಕ್ತಾ ಮಾಡ್ರಿ. ಫೋಟೋ ಫೇಸ್ಬುಕ್‌ಗೆ ಹಾಕೋಕ್ಕಿಂತ ಮೊದ್ಲು ಅವ್ರಿಗೇ ವಾಟ್ಸಾಪ್ ಮಾಡಿ ಹೂಂ ಅಂದವ್ರದು ಹಾಕ್ರಿ. ಟೇಬಲ್‌ನಾಗ ಕುಂತಾಗ ಹೆಣ್ಮಕ್ಕಳು ಇಲಾಖೆಯವ್ರ ಮುಂದ ಏನೇನು ಹೇಳಿರ್ತಾರ, ಅಂಗನವಾಡಿಗೆ ಗ್ವಾಡಿ ಬಿದ್ದದ, ಸಂಜಿ ಆರರ ಬಸ್ ನಿಂತದ, ಹೈಸ್ಕೂಲಿನ್ಯಾಗ ಸಂಡಾಸಿಲ್ಲ ಅಂತ, ಅದನ್ನ ಆ ಟೇಬಲ್‌ನ ಕಾಲೇಜ್ ಹುಡುಗಿ ಬರ್ಕೊಂಡಿರ್ಲಿ, ಆಕಿ ಹತ್ರ ಚೀಟಿ ಇಸ್ಕೊಂಡು ಊರ್ ಊರ್ ಪ್ರಕಾರ ಅರ್ಜಿ ಮಾಡಿ ಒಂದು ವಾರದಾಗ ಜಿಲ್ಲಾ ಪಂಚಾಯ್ತಿಗೆ, ಬಸ್ಸಿಂದು ಕೆಕೆಆರ್‌ಟಿಸಿ ಆಫೀಸಿಗೆ ಕೊಡ್ರಿ, ಸ್ವೀಕೃತಿ ಸಿಕ್ಕಾ ಹಾಕಿಸ್ಕೋರಿ, ಆ ಕಾಪಿ ಫೋಟೋ ಹೊಡದು ಹೇಳಿದಾಕಿ ನಂಬರ್‌ಗೆ ಕಳಸ್ರಿ.