ಹನಿಯೆ ‘ಅವರು’ ಆದದ್ದು

2024ರ ಜುಲೈ 31, ಬುಧವಾರ. ವಯನಾಡಿನ ಗುಡ್ಡ ಕುಸಿದು ಎರಡನೇ ದಿನ. ಮುಖಪುಟವೂ ಒಳಗಿನ ಪುಟಗಳೂ ಮುಂಡಕ್ಕೈ, ಚೂರಲ್‌ಮಲದ ಸುದ್ದಿಗೇ ಹೋಗಿದ್ದವು. ಮಧ್ಯಾಹ್ನದ ಪಾಳಿಗೆ ಬಂದು ಕುಳಿತ ನನಗೆ ವಿದೇಶ ಪುಟದಲ್ಲಿ ದಕ್ಕಿದ್ದು ಮೂರು ಕಾಲಂ. ಟೆಹರಾನ್‌ನಲ್ಲಿ ಪ್ಯಾಲೆಸ್ಟೀನಿನ ಹಮಾಸ್ ಸಂಘಟನೆಯ ನಾಯಕ ಇಸ್ಮಾಯಿಲ್ ಹನಿಯೆ ಹತ್ಯೆಯಾದ ಸುದ್ದಿಗೆ ಎರಡು, ಅದರ ಪಕ್ಕದ ವ್ಯಕ್ತಿಚಿತ್ರಕ್ಕೆ ಒಂದು. ಜಿಲ್ಲಾ ಆವೃತ್ತಿಯ ಪುಟ ಏಳು ಗಂಟೆಗೆ ಬಿಡಬೇಕು.

ಮಾಹಿತಿಗೆ ಬರವಿರಲಿಲ್ಲ. ಗಾಜಾದ ಶಾತಿ ನಿರಾಶ್ರಿತರ ಶಿಬಿರದಲ್ಲಿ ಹುಟ್ಟು. ತಂದೆ ತಾಯಿ 1948ರ ಯುದ್ಧದಲ್ಲಿ ಅಷ್ಕೆಲಾನ್ ಹತ್ತಿರದ ಊರು ಬಿಟ್ಟು ಬಂದವರು. ಗಾಜಾದ ಇಸ್ಲಾಮಿಕ್ ವಿಶ್ವವಿದ್ಯಾಲಯದಲ್ಲಿ ಅರಬ್ಬಿ ಸಾಹಿತ್ಯದ ಪದವಿ, ಆಮೇಲೆ ಇಸ್ರೇಲ್‌ನ ಜೈಲು. 1992ರ ಡಿಸೆಂಬರ್‌ನಲ್ಲಿ ಇಸ್ರೇಲ್ ನಾನೂರಕ್ಕೂ ಹೆಚ್ಚು ಜನರನ್ನು ದಕ್ಷಿಣ ಲೆಬನಾನ್‌ಗೆ ಗಡೀಪಾರು ಮಾಡಿತು. ಚಳಿಗಾಲದಲ್ಲಿ ಗುಡ್ಡದ ಮೇಲೆ ಡೇರೆ ಹಾಕಿಕೊಂಡಿದ್ದ ಆ ಗುಂಪಿನಲ್ಲಿ ಈ ಹೆಸರೂ ಇತ್ತು.

ತೊಡಕು ಇದ್ದದ್ದು ಕ್ರಿಯಾಪದದಲ್ಲಿ. ಇಂಗ್ಲಿಷ್ ಏಜೆನ್ಸಿಗಳಿಗೆ ಈ ತಾಪತ್ರಯವಿಲ್ಲ, ‘ಹಿ’ ಎಂದರೆ ಮುಗಿಯಿತು. ನಮಗೆ ಮೊದಲ ವಾಕ್ಯದ ಕೊನೆಗೆ ಬರುವಷ್ಟರಲ್ಲೇ ‘ದನು’ ಅಥವಾ ‘ದರು’ ತೀರ್ಮಾನವಾಗಿರಬೇಕು. ಡೆಸ್ಕಿನ ರೂಢಿಯಲ್ಲಿ ರಾಜಕಾರಣಿಗೆ ‘ಅವರು’, ಉಗ್ರನಿಗೆ ‘ಅವನು’. ಹಮಾಸ್ ಅನ್ನು ಅಮೆರಿಕ, ಐರೋಪ್ಯ ಒಕ್ಕೂಟಗಳು ಭಯೋತ್ಪಾದಕ ಸಂಘಟನೆ ಎಂದು ಘೋಷಿಸಿವೆ. ಭಾರತದ ನಿಷೇಧಿತ ಪಟ್ಟಿಯಲ್ಲಿ ಅದರ ಹೆಸರಿಲ್ಲ. ಅದೇ ಹಮಾಸ್ 2006ರ ಜನವರಿಯ ಪ್ಯಾಲೆಸ್ಟೀನ್ ಶಾಸನಸಭಾ ಚುನಾವಣೆಯಲ್ಲಿ 132ರಲ್ಲಿ 74 ಸ್ಥಾನ ಗೆದ್ದಿತು, ಹನಿಯೆ ಪ್ರಧಾನಿಯಾಗಿದ್ದು ಆ ಗೆಲುವಿನಿಂದ. ಮರುವರ್ಷ ಅಧ್ಯಕ್ಷ ಮಹಮೂದ್ ಅಬ್ಬಾಸ್ ವಜಾ ಮಾಡಿದರೂ ಗಾಜಾದ ಆಡಳಿತ ಕೈಬಿಡಲಿಲ್ಲ. ಈಗ ಹೇಳಿ, ‘ದನು’ವೋ ‘ದರು’ವೋ?

ನಾನು ಮೊದಲು ಜಾರಿಕೊಳ್ಳಲು ನೋಡಿದೆ. ಕನ್ನಡದಲ್ಲಿ ಅದಕ್ಕೊಂದು ಕಳ್ಳದಾರಿಯಿದೆ. ‘ಹುಟ್ಟಿದ್ದು ಶಾತಿಯಲ್ಲಿ. ಓದಿದ್ದು ಸಾಹಿತ್ಯ. 1997ರಲ್ಲಿ ಸೇರಿದ್ದು ಹಮಾಸ್ ಸ್ಥಾಪಕ ಶೇಖ್ ಅಹ್ಮದ್ ಯಾಸಿನ್ ಕಚೇರಿಗೆ. 2003ರಲ್ಲಿ ವಾಯುದಾಳಿಯಿಂದ ಪಾರಾದದ್ದು ಆ ಗುರುವಿನ ಜತೆಗೇ.’ ಎಲ್ಲೂ ಏಕವಚನವಿಲ್ಲ, ಬಹುವಚನವಿಲ್ಲ. ನನ್ನ ಜಾಣತನಕ್ಕೆ ನಾನೇ ಬೀಗುತ್ತಿರುವಾಗ ಸುದ್ದಿ ಸಂಪಾದಕರು ಪ್ರಿಂಟ್ ಕೈಯಲ್ಲಿ ಹಿಡಿದು ಬಂದರು. “ಏನಪ್ಪಾ, ಈ ಮನುಷ್ಯ ಜೀವನದಲ್ಲಿ ಒಂದು ಕೆಲಸವನ್ನೂ ತಾನಾಗಿ ಮಾಡಲಿಲ್ಲವೇ? ಎಲ್ಲವೂ ‘ಆದದ್ದು’, ‘ಹೋದದ್ದು’. ಇದು ಜಾತಕವೋ, ವ್ಯಕ್ತಿಚಿತ್ರವೋ?”

ಚಹಾ ತರಲು ಹೋದಾಗ ಹೊಳೆಯಿತು. ಜೈಲಿನಲ್ಲಿರುವ ಶಾಸಕರಿಗೂ ನಮ್ಮ ಪತ್ರಿಕೆ ‘ಅವರು’ ಎನ್ನುತ್ತದೆ. ಅದು ಗುಣಕ್ಕೆ ಕೊಡುವ ಪ್ರಮಾಣಪತ್ರವಲ್ಲ, ಕುಳಿತ ಕುರ್ಚಿಯ ಗುರುತು. ಈ ನಿಯಮ ನಮ್ಮವರಿಗೆ ಸಲ್ಲುವುದಾದರೆ ಗಾಜಾದವರಿಗೂ ಸಲ್ಲಬೇಕು. ಮೊದಲಿನಿಂದ ಕೊನೆಯವರೆಗೆ ‘ಅವರು’ ಎಂದು ತಿದ್ದಲು ಕುಳಿತೆ.

ತಿದ್ದುತ್ತಾ ಹೋದಂತೆ ನಾನು ಎಣಿಸಿರದ ಇನ್ನೊಂದು ಬದಲಾವಣೆಯಾಯಿತು: ಕರ್ತೃ ವಾಕ್ಯದೊಳಕ್ಕೆ ಬಂದು ಕುಳಿತ. 2023ರ ಅಕ್ಟೋಬರ್ 7ರಂದು ಇಸ್ರೇಲ್‌ನಲ್ಲಿ ಸುಮಾರು 1,200 ಮಂದಿ ಸತ್ತ ದಾಳಿಯ ಭಾಗ ನನ್ನ ಹಳೆಯ ಕಾಪಿಯಲ್ಲಿ ‘ದಾಳಿ ನಡೆದಾಗ ಹನಿಯೆ ಇದ್ದದ್ದು ಗಾಜಾದ ಹೊರಗೆ’ ಎಂದಿತ್ತು. ಈಗ ಹೀಗಾಯಿತು: ‘ಕಚೇರಿಯಲ್ಲಿ ಟಿ.ವಿ.ಯಲ್ಲಿ ದಾಳಿಯ ಸುದ್ದಿ ನೋಡಿದ ಅವರು ಸಂಗಡಿಗರೊಂದಿಗೆ ನೆಲಕ್ಕೆ ಹಣೆ ಹಚ್ಚಿ ಕೃತಜ್ಞತೆ ಸಲ್ಲಿಸಿದರು.’ ಆ ವಿಡಿಯೊವನ್ನು ಎಲ್ಲರೂ ನೋಡಿದ್ದಾರೆ. ಅದರ ಕೆಳಗೇ ಇನ್ನೊಂದು ವಿಡಿಯೊದ ಮಾತು. 2024ರ ಏಪ್ರಿಲ್ 10, ಈದ್ ದಿನ. ಕತಾರ್‌ನ ದೋಹಾದ ಆಸ್ಪತ್ರೆಯಲ್ಲಿ ಗಾಯಾಳುಗಳನ್ನು ನೋಡಲು ಹೋಗಿದ್ದಾಗ, ಶಾತಿಯಲ್ಲಿ ಮೂವರು ಗಂಡುಮಕ್ಕಳೂ ಮೊಮ್ಮಕ್ಕಳೂ ವಾಯುದಾಳಿಗೆ ಬಲಿಯಾದ ಸುದ್ದಿ ಬಂತು. ‘ಅವರು ಭೇಟಿಯನ್ನು ಮುಂದುವರಿಸಿದರು.’ ಜಾಗವಿಲ್ಲ, ಎರಡರಲ್ಲಿ ಒಂದನ್ನು ತೆಗೆಯಿರಿ ಎಂದು ಪುಟ ಕಟ್ಟುವವರು ಹೇಳಿದರು. ನಾನು ಲೆಬನಾನ್‌ನ ಗುಡ್ಡವನ್ನು ತೆಗೆದೆ. ಆ ಡೇರೆಗಳ ಬಗ್ಗೆ ಇಂದಿಗೂ ಸ್ವಲ್ಪ ಹೊಟ್ಟೆ ಉರಿಯುತ್ತದೆ.

ಶೀರ್ಷಿಕೆಯಲ್ಲೊಂದು ಎಡವಟ್ಟು ಕೊನೆಯ ಕ್ಷಣದಲ್ಲಿ ಸಿಕ್ಕಿತು. ‘ಗಾಜಾದ ಹಮಾಸ್ ಮುಖ್ಯಸ್ಥ’ ಎಂದು ಬರೆದಿದ್ದೆ. 2017ರಿಂದ ಗಾಜಾದ ಹೊಣೆ ಯಾಹ್ಯಾ ಸಿನ್ವರ್‌ದಾಗಿತ್ತು. ಹನಿಯೆ ಇಡೀ ಸಂಘಟನೆಯ ರಾಜಕೀಯ ವಿಭಾಗದ ಮುಖ್ಯಸ್ಥರು, 2019ರಲ್ಲೇ ಗಾಜಾ ಬಿಟ್ಟವರು. ಹಮಾಸ್ ಹೇಳಿಕೆಯಲ್ಲಿದ್ದ ‘ಹುತಾತ್ಮ’ವನ್ನು ನಾವು ಬಳಸಲಿಲ್ಲ. ಕೊಂದವರು ಯಾರು ಎಂಬಲ್ಲಿ ‘ಇಸ್ರೇಲ್ ಎಂದು ಹಮಾಸ್ ಆರೋಪಿಸಿದೆ’ ಎಂದಷ್ಟೇ ಬರೆದೆವು.

ಮರುದಿನ ವಚನದ ಬಗ್ಗೆ ಒಬ್ಬರೂ ಚಕಾರ ಎತ್ತಲಿಲ್ಲ. ಬಂದದ್ದು ಒಂದೇ ಕರೆ, ನಿವೃತ್ತ ಮೇಷ್ಟರದು: “ಮೊನ್ನೆ ‘ಹನಿಯಾ’ ಎಂದು ಹಾಕಿದ್ದಿರಿ, ಇಂದು ‘ಹನಿಯೆ’. ಯಾವುದಾದರೂ ಒಂದಕ್ಕೆ ನಿಲ್ಲಿ.”

ಡಿಸೆಂಬರ್‌ನಲ್ಲಿ, ಹನಿಯೆಯನ್ನು ಕೊಂದದ್ದು ತಾವೇ ಎಂದು ಇಸ್ರೇಲ್‌ನ ರಕ್ಷಣಾ ಸಚಿವ ಇಸ್ರೇಲ್ ಕಾಟ್ಜ್ ಬಹಿರಂಗವಾಗಿ ಹೇಳಿದ ದಿನವೂ ವಿದೇಶ ಪುಟ ನನ್ನದೇ ಆಗಿತ್ತು. ‘ಒಪ್ಪಿಕೊಂಡರು’ ಎಂದು ಟೈಪಿಸಿ ಪುಟಕ್ಕೆ ಕಳುಹಿಸಿದೆ. ಆ ‘ರು’ ಬಗ್ಗೆ ಒಂದು ಕ್ಷಣವೂ ಯೋಚಿಸಿರಲಿಲ್ಲ ಎಂದು ಮನೆಗೆ ಹೋಗುವ ಬಸ್ಸಿನಲ್ಲಿ ನೆನಪಾಯಿತು.