ಕೇಬಲ್ ಮೋಡೆಮ್ ಕೊಳ್ಳುವ ಮೊದಲು ಗೋಡೆಯ ತಂತಿ ನೋಡಿ

ಹೋದ ತಿಂಗಳು ನಮ್ಮ ಎದುರು ಮನೆಗೆ ದಾವಣಗೆರೆಯ ಗಂಡ ಹೆಂಡತಿ ಬಾಡಿಗೆಗೆ ಬಂದರು. ನ್ಯೂಜೆರ್ಸಿಗೆ ಬಂದು ಇನ್ನೂ ಎರಡು ತಿಂಗಳು ಆಗಿರಲಿಲ್ಲ. ಮೊದಲ ಇಂಟರ್ನೆಟ್ ಬಿಲ್ ಬಂದ ಸಂಜೆ ಆ ಹುಡುಗಿ ಫೋನ್ ಹಿಡಿದುಕೊಂಡು ಬಂದಳು. "ಅಕ್ಕಾ, ಇವರು ಹೇಳಿದ್ದಕ್ಕಿಂತ 15 ಡಾಲರ್ ಜಾಸ್ತಿ ಹಾಕಿದ್ದಾರೆ, ಯಾಕೆ?" ಅಂದಳು. ಅದು ಮೋಡೆಮ್ ಬಾಡಿಗೆ, ಅಂದರೆ ಹೊರಗಿನ ತಂತಿಯಿಂದ ಇಂಟರ್ನೆಟ್ ಇಳಿಸಿಕೊಳ್ಳುವ ಪೆಟ್ಟಿಗೆಯ ಬಾಡಿಗೆ. ನಾನೂ ಇದನ್ನು ಆರು ವರ್ಷ ಕಟ್ಟಿದ್ದೇನೆ. ತಿಂಗಳಿಗೆ 14 ಡಾಲರ್, 72 ತಿಂಗಳು, ಒಟ್ಟು 1,008 ಡಾಲರ್. ಆ ಪೆಟ್ಟಿಗೆ ಕೊನೆಗೂ ನನ್ನದಾಗಲಿಲ್ಲ. ಅವಳಿಗೆ ಹಾಗಾಗಬಾರದು ಅಂತ ಅವತ್ತೇ ಕೂತು ಎಲ್ಲ ಹೇಳಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಮನೆಗೆ ಬರುತ್ತಿರುವುದು ಕೇಬಲ್ ಹೌದೋ ಅಲ್ಲವೋ ನೋಡಿಕೊಳ್ಳಿ. ಊರಲ್ಲಿ ಈಗ ಬಹಳ ಮನೆಗಳಿಗೆ ಫೈಬರ್ ಬಂದಿದೆ. ಹಾಗಾಗಿ ಹೊಸದಾಗಿ ಬಂದವರಿಗೆ ಈ ಕೇಬಲ್ ಅನ್ನುವುದೇ ಸ್ವಲ್ಪ ಗೊಂದಲ. ಇಲ್ಲಿ ಟಿವಿ ಕೇಬಲ್ ಕಂಪನಿಗಳು ಹಳೆಯ ಟಿವಿ ತಂತಿಯಲ್ಲೇ ಇಂಟರ್ನೆಟ್ ಕೊಡುತ್ತವೆ. ಗೋಡೆಯಲ್ಲಿ ತಿರುಪಿನ ಹಾಗೆ ತಿರುಗಿಸಿ ಹಾಕುವ ದುಂಡನೆಯ ಪಿನ್ ಇದ್ದು, ಅದರ ತಂತಿಯಿಂದಲೇ ಇಂಟರ್ನೆಟ್ ಬರುತ್ತಿದ್ದರೆ ಅದು ಕೇಬಲ್. ಫೈಬರ್ ಅಥವಾ 5ಜಿ ಹೋಮ್ ಇಂಟರ್ನೆಟ್ ಇದ್ದವರಿಗೆ ಕೇಬಲ್ ಮೋಡೆಮ್ ಉಪಯೋಗಕ್ಕೇ ಬರುವುದಿಲ್ಲ.

ಆಮೇಲೆ ಬಿಲ್ ಪೂರ್ತಿ ಓದಿ. ಕೆಲವು ಕಂಪನಿಗಳು ಮೋಡೆಮ್ ಸುಮ್ನೆ ಕೊಟ್ಟು, ಅದರಿಂದ ಬಂದದ್ದನ್ನು ಮನೆಯೊಳಗೆ ಹಂಚುವ ವೈಫೈ ರೌಟರ್‌ಗೆ ಮಾತ್ರ ದುಡ್ಡು ತಗೊಳ್ಳುತ್ತವೆ. ಅಂಥ ಕಡೆ ಮೋಡೆಮ್ ಕೊಂಡರೆ ಒಂದು ಡಾಲರ್ ಕೂಡ ಉಳಿಯುವುದಿಲ್ಲ, ರೌಟರ್ ಕೊಂಡರೆ ಉಳಿಯುತ್ತದೆ. ಇನ್ನೊಂದು ವಿಷಯ ತಿಳಿದಿರಲಿ. 2019ರಲ್ಲಿ ಅಮೆರಿಕದ ಸಂಸತ್ತು ಒಂದು ಕಾಯ್ದೆ ಮಾಡಿದೆ, 2020ರ ಡಿಸೆಂಬರ್‌ನಿಂದ ಅದು ಜಾರಿಯಲ್ಲಿದೆ. ಕಂಪನಿ ಕೊಡದೇ ಇರುವ ಮೋಡೆಮ್‌ಗೆ, ರೌಟರ್‌ಗೆ ಕಂಪನಿ ಬಾಡಿಗೆ ಹಾಕುವ ಹಾಗಿಲ್ಲ. ನಿಮ್ಮ ಸ್ವಂತ ಮೋಡೆಮ್ ಇದ್ದೂ ಬಿಲ್‌ನಲ್ಲಿ ಬಾಡಿಗೆ ಕಂಡರೆ ಧೈರ್ಯವಾಗಿ ಕೇಳಿ.

ಈಗ ಮೋಡೆಮ್ ವಿಷಯ. ಅಂಗಡಿಯ ಪೆಟ್ಟಿಗೆ ಮೇಲೆ ದೊಡ್ಡದಾಗಿ ಬರೆದ ವೇಗ ನೋಡಿ ಕೊಳ್ಳಬೇಡಿ. ನಿಮ್ಮ ಕಂಪನಿ ಒಪ್ಪಿದ ಮೋಡೆಮ್‌ಗಳ ಪಟ್ಟಿ ಅವರ ಸೈಟಿನಲ್ಲೇ ಇರುತ್ತದೆ. ಅದರಲ್ಲಿ ನಿಮ್ಮ ಪ್ಲಾನಿನ ವೇಗಕ್ಕೆ ಯಾವ ಮಾಡೆಲ್ ಇದೆ ಅಂತ ಹುಡುಕಿ. ಮಾಡೆಲ್ ಸಂಖ್ಯೆ ಅಕ್ಷರ ಅಕ್ಷರ ಹೊಂದಬೇಕು. ಪಟ್ಟಿಯಲ್ಲಿ ಇಲ್ಲದ್ದನ್ನು ತಂದರೆ ಅವರು ಶುರು ಮಾಡಿಕೊಡದೇ ಇರಬಹುದು. ಕೇಬಲ್ ಮೂಲಕವೇ ಲ್ಯಾಂಡ್‌ಲೈನ್ ಫೋನ್ ಇಟ್ಟುಕೊಂಡವರು ಫೋನಿನ ತೂತು ಇರುವ ಮೋಡೆಮನ್ನೇ ಕೊಳ್ಳಬೇಕು.

ಪಟ್ಟಿಯಲ್ಲಿ ಡಾಕ್ಸಿಸ್ 3.0, ಡಾಕ್ಸಿಸ್ 3.1 ಅಂತ ಕಾಣುತ್ತದೆ. ಕೇಬಲ್ ತಂತಿಯಲ್ಲಿ ಇಂಟರ್ನೆಟ್ ಹೇಗೆ ಹರಿಯಬೇಕು ಅನ್ನುವ ನಿಯಮ ಇದು. ಕೊಲೊರಾಡೊದ ಕೇಬಲ್‌ಲ್ಯಾಬ್ಸ್ ಅನ್ನುವ ಸಂಸ್ಥೆ ಇದನ್ನು ರೂಪಿಸುತ್ತದೆ. 3.0 ಬಂದದ್ದು 2006ರಲ್ಲಿ, 3.1 ಬಂದದ್ದು 2013ರಲ್ಲಿ. 3.0 ಮೋಡೆಮ್ ಟಿವಿ ಚಾನೆಲ್‌ಗಳ ಅಳತೆಯ ಎಷ್ಟೋ ದಾರಿಗಳನ್ನು ಒಟ್ಟು ಕಟ್ಟಿಕೊಂಡು ಕೆಲಸ ಮಾಡುತ್ತದೆ. 24x8 ಅಂತ ಬರೆದಿದ್ದರೆ ಒಳಗೆ ಬರಲು 24 ದಾರಿ, ಹೊರಗೆ ಹೋಗಲು 8 ದಾರಿ. ಒಳಬರುವ ಒಂದು ದಾರಿಗೆ ಸುಮಾರು 38 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ವೇಗ. 24ರಿಂದ ಗುಣಿಸಿದರೆ 900ರ ಹತ್ತಿರ ಬರುತ್ತದೆ. ಆದರೆ ಆ ದಾರಿಗಳನ್ನು ನಿಮ್ಮ ಬೀದಿಯವರೆಲ್ಲ ಹಂಚಿಕೊಳ್ಳುತ್ತಾರೆ. ಸಂಜೆ ಎಂಟಕ್ಕೆ ಎಲ್ಲರ ಮನೆಯಲ್ಲೂ ಸಿನಿಮಾ ಓಡುವಾಗ ಆ ಲೆಕ್ಕ ಲೆಕ್ಕವಾಗಿಯೇ ಉಳಿಯುತ್ತದೆ.

ನನ್ನ ಮಾತು ಕೇಳುವುದಾದರೆ, ನಿಮ್ಮದು 300 ಎಂಬಿಪಿಎಸ್ ಪ್ಲಾನ್ ಆದರೂ 3.1 ಮೋಡೆಮನ್ನೇ ಕೊಳ್ಳಿ. ಹಳೆಯ 3.0 ಮಾಡೆಲ್‌ಗಳನ್ನು ಕಂಪನಿಗಳು ಒಂದೊಂದಾಗಿ ಪಟ್ಟಿಯಿಂದ ತೆಗೆಯುತ್ತಾ ಬಂದಿವೆ. 4.0 ಕೂಡ ಬಂದಿದೆ, ಸಾಮಾನ್ಯ ಮನೆಗೆ ಅದರ ಅವಸರ ಇಲ್ಲ. ಪ್ಲಾನ್ 1 ಗಿಗಾಬಿಟ್‌ಗಿಂತ ಮೇಲಿದ್ದರೆ ಮಾತ್ರ 2.5 ಗಿಗಾಬಿಟ್ ಪೋರ್ಟ್ ಇದೆಯಾ ನೋಡಿ.

ನಮ್ಮಂಥವರು ಗಮನಿಸಲೇಬೇಕಾದದ್ದು ಅಪ್‌ಲೋಡ್. ಸಾಗರದಲ್ಲಿರುವ ಅಪ್ಪನ ಜೊತೆ ಪ್ರತಿ ಭಾನುವಾರ ವಿಡಿಯೋ ಕಾಲ್ ಮಾಡುತ್ತೇನೆ. ಒಂದು ವರ್ಷ ಪೂರ್ತಿ ಹೀಗಾಯಿತು: ನಮಗೆ ಅಪ್ಪ ಚೆನ್ನಾಗಿ ಕಾಣುತ್ತಿದ್ದರು, ಅವರಿಗೆ ನಾವು ಕಾಣುತ್ತಿರಲಿಲ್ಲ. "ನೀನು ನಿಂತುಬಿಟ್ಟೆ ಮಗಾ" ಅನ್ನುತ್ತಿದ್ದರು. ನಾನು ಅವರ ಕಡೆಯ ನೆಟ್‌ವರ್ಕ್ ಸರಿ ಇಲ್ಲ ಅಂತಲೇ ಅಂದುಕೊಂಡಿದ್ದೆ. ತೊಂದರೆ ಇದ್ದದ್ದು ನನ್ನ ಮನೆಯಲ್ಲಿ, ಇಲ್ಲಿಂದ ಹೊರಗೆ ಹೋಗುವ ದಾರಿಯಲ್ಲಿ. ಟಿವಿ ತಂತಿ ಹಾಕಿದ್ದು ಮನೆಯೊಳಗೆ ಚಿತ್ರ ತರಲಿಕ್ಕೆ, ಅಲ್ವಾ? ಹೊರಗೆ ಕಳಿಸಲು ಅದರಲ್ಲಿ ಮೊದಲಿಂದ 5ರಿಂದ 42 ಮೆಗಾಹರ್ಟ್ಸ್‌ವರೆಗಿನ ಒಂದು ಸಣ್ಣ ಜಾಗ ಮಾತ್ರ ಬಿಟ್ಟಿದ್ದರು. ಈಗ ಕೆಲವು ಊರುಗಳಲ್ಲಿ ಅದನ್ನು 85ರವರೆಗೆ ಹಿಗ್ಗಿಸುತ್ತಿದ್ದಾರೆ. ಆದರೆ ಎಲ್ಲ ಮೋಡೆಮ್‌ಗಳೂ ಆ ಹೊಸ ಜಾಗವನ್ನು ಬಳಸಲಾರವು. ಕಂಪನಿಯ ಪಟ್ಟಿ ನೋಡುವಾಗ ಅಪ್‌ಲೋಡ್ ವೇಗಕ್ಕೂ ಆ ಮಾಡೆಲ್ ಒಪ್ಪಿಗೆ ಪಡೆದಿದೆಯಾ ಅಂತ ಬೇರೆಯಾಗಿ ಕೇಳಿ.

ನಾನು ಹೊಸ ಮೋಡೆಮ್ ತಂದು ಹಾಕಿದ ಮೇಲೂ ಅಪ್ಪನಿಗೆ ನಾನು ನಿಂತೇ ಕಾಣುತ್ತಿದ್ದೆ. ಆಗ ನೋಡಿದ್ದು ಗೋಡೆಯ ತಂತಿ. ಟಿವಿ ಸ್ಟ್ಯಾಂಡ್ ಹಿಂದೆ, ಮುಂಚೆ ಇದ್ದವರು ಬಿಟ್ಟುಹೋದ ಮೂರು ಬಾಯಿಯ ಸ್ಪ್ಲಿಟರ್ (ಒಂದು ತಂತಿಯನ್ನು ಹಲವಾಗಿ ಒಡೆಯುವ ತುಂಡು) ಇತ್ತು. ಎರಡು ಬಾಯಿ ಏನನ್ನೂ ಸೇರಿರಲಿಲ್ಲ, ಮೂರನೆಯದು ಮೋಡೆಮ್‌ಗೆ ಹೋಗಿತ್ತು. ಎರಡು ಬಾಯಿಯ ಸ್ಪ್ಲಿಟರ್ ಸುಮಾರು 3.5 ಡೆಸಿಬೆಲ್‌ನಷ್ಟು ಸಿಗ್ನಲ್ ತಿನ್ನುತ್ತದೆ. ಬಹಳಷ್ಟು ಮೂರು ಬಾಯಿಯವುಗಳಲ್ಲಿ ಎರಡು ಬಾಯಿ ತಲಾ 7ರಷ್ಟು ತಿನ್ನುತ್ತವೆ. ಮೋಡೆಮ್ ಅಷ್ಟು ಗಟ್ಟಿಯಾಗಿ ಕೂಗಬೇಕಾಗುತ್ತದೆ.

ಇದನ್ನು ನೀವೇ ನೋಡಬಹುದು. ಬ್ರೌಸರ್‌ನಲ್ಲಿ 192.168.100.1 ಅಂತ ಹಾಕಿದರೆ ಬಹಳಷ್ಟು ಮೋಡೆಮ್‌ಗಳ ಒಳಪುಟ ತೆರೆಯುತ್ತದೆ. ಒಳಬರುವ ಪವರ್ ಮೈನಸ್ 7ರಿಂದ ಪ್ಲಸ್ 7ರ ಒಳಗಿದ್ದರೆ ಒಳ್ಳೆಯದು. ಎಸ್‌ಎನ್‌ಆರ್, ಅಂದರೆ ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಮೇಲಿದೆ ಅನ್ನುವ ಅಳತೆ, 33ಕ್ಕಿಂತ ಮೇಲಿರಲಿ. ಹೊರಹೋಗುವ ಪವರ್ 35ರಿಂದ 50ರ ಒಳಗಿರಲಿ. ನನ್ನದು 51 ಇತ್ತು. ಸ್ಪ್ಲಿಟರ್ ತೆಗೆದು ಗೋಡೆಯಿಂದ ನೇರವಾಗಿ ಮೋಡೆಮ್‌ಗೆ ತಂತಿ ಹಾಕಿದೆ, 44ಕ್ಕೆ ಇಳಿಯಿತು. ಮುಂದಿನ ಭಾನುವಾರ ಅಪ್ಪ ನನ್ನ ಹಿಂದಿನ ಕಿಟಕಿಯಲ್ಲಿ ಹಿಮ ಬೀಳುವುದನ್ನು ನೋಡಿ ಹೇಳಿದರು. ಹಾಗಾಗಿ ದುಡ್ಡು ಕೊಡುವ ಮೊದಲು ಈಗಿರುವ ಮೋಡೆಮ್‌ನಲ್ಲೇ ಈ ಸಂಖ್ಯೆಗಳನ್ನು ನೋಡಿ. ಸಡಿಲ ಇದ್ದ ತಿರುಪು ಬಿಗಿ ಮಾಡಿ, ಬೇಡದ ಸ್ಪ್ಲಿಟರ್ ತೆಗೆಯಿರಿ. ಆದರೂ ಸಂಖ್ಯೆ ಕೆಟ್ಟದಾಗಿದ್ದರೆ ಕಂಪನಿಯವರನ್ನು ಕರೆಸಿ, ಬೀದಿಯ ಕಂಬದಿಂದ ಮನೆವರೆಗಿನ ತಂತಿ ಅವರ ಹೊಣೆ.

ಮೋಡೆಮ್, ರೌಟರ್ ಎರಡೂ ಒಂದರಲ್ಲೇ ಇರುವ ಪೆಟ್ಟಿಗೆ ನನಗೆ ಇಷ್ಟವಿಲ್ಲ. ವೈಫೈ ಬೇಗ ಬೇಗ ಬದಲಾಗುತ್ತದೆ, ಮೋಡೆಮ್ ಅಷ್ಟು ಬೇಗ ಬದಲಾಗುವುದಿಲ್ಲ. ಅದೂ ಅಲ್ಲದೆ ಕೇಬಲ್ ಪಿನ್ ಯಾವುದೋ ಮೂಲೆಯಲ್ಲಿರುತ್ತದೆ, ವೈಫೈ ಬೇಕಾಗುವುದು ಮನೆಯ ನಡುವೆ. ಬೇರೆ ಬೇರೆ ತಗೊಂಡರೆ ರೌಟರನ್ನು ಬೇಕಾದ ಕಡೆ ಇಡಬಹುದು. ಲೆಕ್ಕ ಹಾಕುವಾಗ ಎರಡರ ಬೆಲೆಯನ್ನೂ ಸೇರಿಸಿ. 150 ಡಾಲರ್‌ಗೆ ಮೋಡೆಮ್ ಸಿಕ್ಕಿ, ರೌಟರ್ ಮೊದಲೇ ಇದ್ದರೆ, 15ರ ಬಾಡಿಗೆ ಹತ್ತು ತಿಂಗಳಲ್ಲಿ ತೀರುತ್ತದೆ. ಆರು ತಿಂಗಳಲ್ಲಿ ಊರು ಬಿಡುವವರಿದ್ದರೆ ಬಾಡಿಗೆಯೇ ಸರಿ.

ಹಳೆಯದು ಕೊಳ್ಳುವಾಗ ತುಂಬಾ ಜೋಪಾನ. ಕಂಪನಿಗೆ ವಾಪಸ್ ಕೊಡದ ಬಾಡಿಗೆ ಮೋಡೆಮನ್ನು ಮಾರುವವರಿದ್ದಾರೆ, ಅದು ನಿಮ್ಮ ಹೆಸರಿಗೆ ಆಗುವುದಿಲ್ಲ. ಇಂಟೆಲ್‌ನ ಪ್ಯೂಮಾ 6 ಚಿಪ್ ಇರುವುದನ್ನೂ ಬಿಡಿ. ಅದು ಆಗಾಗ ತಡವರಿಸುತ್ತದೆ ಅನ್ನುವುದು 2016ರಲ್ಲೇ ಬೆಳಕಿಗೆ ಬಂದಿದೆ. ವೇಗದ ಪರೀಕ್ಷೆಯಲ್ಲಿ ಗೊತ್ತಾಗುವುದಿಲ್ಲ, ಕಾಲ್‌ನಲ್ಲಿ, ಆಟದಲ್ಲಿ ಗೊತ್ತಾಗುತ್ತದೆ.

ಹೊಸ ಮೋಡೆಮ್ ಜೋಡಿಸುವ ಮೊದಲು ಅದರ ಅಡಿಯ ಚೀಟಿಯ ಫೋಟೋ ತೆಗೆದುಕೊಳ್ಳಿ. ಪ್ರತಿ ಮೋಡೆಮ್‌ಗೂ ಬೇರೆಯೇ ಇರುವ ಮ್ಯಾಕ್ ಸಂಖ್ಯೆ ಅದರಲ್ಲಿದೆ, ಕಂಪನಿ ಕೇಳುತ್ತದೆ. ಶುರುವಾಗುವಾಗ ಅದು ತಾನಾಗಿ ಒಂದೆರಡು ಸಲ ಆರಿ ಹತ್ತಬಹುದು. ಅರ್ಧ ಗಂಟೆ ಮುಟ್ಟಬೇಡಿ.

ಹಳೆಯ ಬಾಡಿಗೆ ಪೆಟ್ಟಿಗೆಯನ್ನು ಅದರ ಅಡಾಪ್ಟರ್ ಸಮೇತ ಕಂಪನಿಯ ಅಂಗಡಿಗೇ ಹೋಗಿ ಕೊಟ್ಟು ರಸೀದಿ ತಗೊಳ್ಳಿ. ನಾನು ಕೊಟ್ಟ ಮೇಲೂ ಎರಡು ತಿಂಗಳು ಬಾಡಿಗೆ ಹಾಕಿದ್ದರು. ರಸೀದಿಯ ಫೋಟೋ ಕಳಿಸಿದ ಮೇಲೆ 28 ಡಾಲರ್ ವಾಪಸ್ ಬಂತು. ಎದುರು ಮನೆಯವರು ಮೊನ್ನೆ ಶನಿವಾರ ಹೋಗಿ ತಮ್ಮದನ್ನು ಕೊಟ್ಟು ಬಂದರು. ಅವರ ಮುಂದಿನ ಬಿಲ್ 22ನೇ ತಾರೀಖಿಗೆ. ಬಂದ ಕೂಡಲೇ ತಂದು ತೋರಿಸು ಅಂತ ಆ ಹುಡುಗಿಗೆ ಹೇಳಿದ್ದೇನೆ.